ಊಟದ ಮನೆಯ ಕಟಕಟೆ

ನಮ್ಮ ಊಟದ ಕೋಣೆಯಲ್ಲಿ, ಫ್ರಿಜ್ಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಮೂರು ಕಾಲಿನ ಮರದ ಸ್ಟೂಲೊಂದಿದೆ. ವಾರವೆಲ್ಲ ಅದರ ಮೇಲೆ ಈರುಳ್ಳಿ ಬುಟ್ಟಿ ಇರುತ್ತದೆ. ಭಾನುವಾರ ಮಧ್ಯಾಹ್ನ ಬುಟ್ಟಿ ನೆಲಕ್ಕಿಳಿದು ಸ್ಟೂಲು ಕಟಕಟೆಯಾಗುತ್ತದೆ. ಆಧಾರವಿಲ್ಲದೆ ಏನನ್ನಾದರೂ ಹೇಳಿ ಸಿಕ್ಕಿಬಿದ್ದವರು ತಟ್ಟೆ ಬಿಟ್ಟು ಎದ್ದು ಅದರ ಮೇಲೆ ಕೂರಬೇಕು, ಉಳಿದವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಕೂತವರನ್ನು, ಅವರು ಎಷ್ಟೇ ಚಿಕ್ಕವರಿರಲಿ, ‘ನೀವು’ ಎಂದೇ ಮಾತಾಡಿಸಬೇಕು. ಅಲ್ಲಿ ಕೂತು ಸುಳ್ಳು ಹೇಳುವ ಹಾಗಿಲ್ಲ. ‘ಗೊತ್ತಿಲ್ಲ’ ಅನ್ನಬಹುದು. ಹಾಗಂದರೆ ಬಿಡುಗಡೆ, ಹೋಗಿ ಆರಿದ ಊಟ ಮುಗಿಸಬಹುದು.

ಇದನ್ನು ಶುರು ಮಾಡಿದವನು ಅಪ್ಪ. ಮೊದಲ ಆರೋಪಿ ನಾನು. ತಾರಸಿಯ ನೀರಿನ ಟ್ಯಾಂಕಿನೊಳಗೆ ಯಾರೋ ಇದ್ದಾರೆ, ಗುಟುಗುಟು ಅಂತ ಮಾತಾಡುತ್ತಾರೆ ಎಂದು ಚಿಕ್ಕವಳಿದ್ದಾಗ ಹೇಳಿದ್ದೆ. ಅಪ್ಪ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, “ತಾವು ಅವರನ್ನ ನೋಡಿದ್ದೀರಾ? ಅವರು ಏನಂದ್ರು?” ಎಂದು ಗಂಭೀರವಾಗಿ ಕೇಳಿದ. ಆಮೇಲೆ ಹೆಗಲ ಮೇಲೆ ಹೊತ್ತುಕೊಂಡು ಹೋಗಿ, ಪೈಪಿನೊಳಗೆ ಸಿಕ್ಕಿದ ಗಾಳಿ ಹೇಗೆ ಸದ್ದು ಮಾಡುತ್ತದೆಂದು ತೋರಿಸಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅಂದಿನಿಂದ ನನಗೆ ಅನ್ನಿಸಿದ್ದನ್ನು ಬಾಯಿಗೆ ತರುವ ಮುಂಚೆ ಹತ್ತು ಸಲ ಒಳಗೇ ಉರುಳಾಡಿಸುವುದು ಅಭ್ಯಾಸವಾಯಿತು. ಹನ್ನೊಂದನೆಯ ಸಲಕ್ಕೆ ಮಾತಿನ ವಿಷಯವೇ ಬದಲಾಗಿರುತ್ತಿತ್ತು. ಅಪ್ಪನ ಅಕ್ಕ, ಭಾನುವಾರ ತಪ್ಪದೆ ಊಟಕ್ಕೆ ಬರುವ ನಮ್ಮ ಅತ್ತೆ, ನನಗೆ ಗುಮ್ಮನಗುಸುಕಿ ಎಂದು ಹೆಸರಿಟ್ಟಿದ್ದಾಳೆ. “ಇವಳ ಬಾಯಿಂದ ಒಂದು ಮಾತು ಬೇಕು ಅಂದ್ರೆ ಅರ್ಜಿ ಹಾಕಿ ಕಾಯಬೇಕು ಕಣ್ರೋ” ಅನ್ನುತ್ತಾಳೆ.

ಅಪ್ಪ ಲಿಫ್ಟ್ ಇನ್ಸ್‌ಪೆಕ್ಟರ್. ಊರಿನ ಕಟ್ಟಡಗಳ ಲಿಫ್ಟುಗಳನ್ನು ಪರೀಕ್ಷಿಸಿ, ಓಡಿಸಬಹುದು ಎಂದು ಸಹಿ ಹಾಕುವುದು ಅವನ ಕೆಲಸ. ಹಗ್ಗ ಸವೆದಿದೆಯೇ, ಬ್ರೇಕು ಹಿಡಿಯುತ್ತದೆಯೇ, ಒಳಗಿನ ಗಂಟೆಯ ಗುಂಡಿ ಒತ್ತಿದರೆ ಕೆಳಗೆ ವಾಚ್‌ಮನ್ನಿಗೆ ಕೇಳಿಸುತ್ತದೆಯೇ, ಎಲ್ಲವನ್ನೂ ತಾನೇ ನೋಡಬೇಕು. ಯಾರ ಮನೆಗೆ ಹೋದರೂ ಲಿಫ್ಟು ಹತ್ತಿದ ಕೂಡಲೇ ಗೋಡೆಗೆ ಕಿವಿ ಕೊಡುತ್ತಾನೆ. ಅಮ್ಮ, “ರೀ, ಇವತ್ತು ರಜಾ” ಎಂದು ತೋಳು ಹಿಡಿದೆಳೆಯುತ್ತಾಳೆ.

ಈ ವರ್ಷದ ಶುರುವಿನಲ್ಲಿ, ಅಪ್ಪ ಪಾಸು ಮಾಡಿದ್ದ ಲಿಫ್ಟೊಂದು ಬಟ್ಟೆ ಅಂಗಡಿಗಳ ಕಟ್ಟಡದಲ್ಲಿ ಒಂದು ಅಂತಸ್ತಿನಷ್ಟು ಜಾರಿ ಧಡಕ್ಕನೆ ನಿಂತಿತು. ಒಳಗಿದ್ದವಳು ಮೇಲ್ಮಹಡಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡ ಹೆಂಗಸು. ಅವಳ ಕಾಲಿನ ಮೂಳೆ ನುಚ್ಚಾಯಿತು. ವಿಚಾರಣೆ ನಡೆಯಿತು. ಬ್ರೇಕಿನೊಳಗಿನ ಒಂದು ಪಿನ್ನಿನ ಹೊಟ್ಟೆಯಲ್ಲಿ ಬಿರುಕಿತ್ತಂತೆ. ಅದು ಹೊರಗಿನಿಂದ ಯಾರ ಕಣ್ಣಿಗೂ ಕಾಣುವಂಥದ್ದಲ್ಲ, ಮಾಡಬೇಕಾದ ಯಾವ ಪರೀಕ್ಷೆಗೂ ಸಿಗುವಂಥದ್ದಲ್ಲ. ಇನ್ಸ್‌ಪೆಕ್ಟರರ ತಪ್ಪೇನೂ ಇಲ್ಲ ಎಂದು ತೀರ್ಮಾನವಾಯಿತು. ಅಂದು ಅಮ್ಮ ಸಿಹಿ ಮಾಡಿದಳು. ಕಾನೂನು ಓದಿ, ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿರುವ ಅಣ್ಣ, ತಾನೇ ಕೇಸು ಗೆದ್ದವನ ಹಾಗೆ ಎರಡು ಸಲ ಹಾಕಿಸಿಕೊಂಡ.

ಅಲ್ಲಿಗೆ ಆ ವಿಷಯ ನಮ್ಮ ಮಟ್ಟಿಗೆ ಮುಗಿಯಿತು. ಆಧಾರವಿಲ್ಲದ ಮಾತಿಗೆ ಬೆಲೆಯಿಲ್ಲದ ನಮ್ಮ ಮನೆಯಲ್ಲಿ ಆಧಾರವಿಲ್ಲದ ಸಂಕಟಕ್ಕೂ ಬೆಲೆಯಿರಲಿಲ್ಲ. ತಪ್ಪಿಲ್ಲ ಎಂದು ಸಾಬೀತಾದ ಮೇಲೂ ಅಪ್ಪ ಊಟದಲ್ಲಿ ಅರ್ಧಕ್ಕೇ ಏಳುತ್ತಾನೆ ಅಂದರೆ ಅದು ಗ್ಯಾಸ್ಟ್ರಿಕ್ ಎಂದೇ ನಾವೆಲ್ಲ ತಿಳಿದೆವು. ಅಮ್ಮ ಮಾತ್ರೆ ತಂದಿಟ್ಟಳು.

ನಾನು ತತ್ತ್ವಶಾಸ್ತ್ರದಲ್ಲಿ ಪದವಿ ಮುಗಿಸಿ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುತ್ತೇನೆ. ವಾಪಸು ಬಂದ ಪುಸ್ತಕಗಳಲ್ಲಿ ಹರಿದವನ್ನು ಬೇರೆ ಮಾಡಿ, ಬೆನ್ನಿಗೆ ಪಟ್ಟಿ ಅಂಟಿಸಿ, ಭಾರ ಹೇರಿ ಒಣಗಿಸುವುದು ನನ್ನ ಪಾಲಿಗೆ ಬಂದಿದೆ. ಮಾತಾಡುವ ಅಗತ್ಯವಿಲ್ಲದ ಕೆಲಸ. ಎದುರಿಗೇ ದೊಡ್ಡಾಸ್ಪತ್ರೆ. ಅದರ ನೆಲಮಹಡಿಯಲ್ಲಿ, ಎಕ್ಸ್‌ರೇ ವಿಭಾಗ ದಾಟಿದ ಮೇಲೆ, ‘ಮೌನ ಕೊಠಡಿ’ ಎಂಬ ಬೋರ್ಡು ಹಾಕಿದ ಒಂದು ರೂಮಿದೆ. ಯಾವ ಮತದವರಾದರೂ, ಯಾವ ಮತವೂ ಇಲ್ಲದವರಾದರೂ ಬಂದು ಕೂರಬಹುದು. ಒಳಗೆ ಪಟವಿಲ್ಲ, ದೀಪವಿಲ್ಲ. ಕೆಲವು ಕುರ್ಚಿ, ಒಂದು ಕಿಟಕಿ, ಬಾಗಿಲಿಗೆ ಅಂಗೈಯಗಲದ ಗಾಜು. ಮಧ್ಯಾಹ್ನದ ಡಬ್ಬಿ ತಿನ್ನಲು ಜನರಿಲ್ಲದ ಜಾಗ ಹುಡುಕುತ್ತ ಕಳೆದ ವರ್ಷ ಮೊದಲ ಸಲ ಅಲ್ಲಿಗೆ ಹೋದೆ. ಆಮೇಲಾಮೇಲೆ ಡಬ್ಬಿ ಮುಚ್ಚಿಟ್ಟು ಸುಮ್ಮನೆ ಕೂರತೊಡಗಿದೆ. ಒಂದು ದಿನ ಮಾತಾಡಿದೆ.

ಯಾರ ಜೊತೆ ಎಂದು ಹೇಳುವುದು ಕಷ್ಟ. ಶಾಲೆಯ ದಿನಗಳಿಂದ ನಾನು ದಿನಚರಿ ಬರೆಯುತ್ತೇನೆ. ಆದರೆ ದಿನಚರಿಯಲ್ಲಿ ನಾನು ನನಗಿಂತ ಸ್ವಲ್ಪ ಒಳ್ಳೆಯವಳಾಗಿರುತ್ತೇನೆ. ಆ ಕೋಣೆಯಲ್ಲಿ ಹಾಗಿರಲು ಆಗುತ್ತಿರಲಿಲ್ಲ. ನಮ್ಮೆಲ್ಲರಿಗಿಂತ ದೊಡ್ಡ ಬುದ್ಧಿಯೊಂದು, ನಾನು ಹೇಳುವ ಮುಂಚೆಯೇ ಎಲ್ಲ ತಿಳಿದುಕೊಂಡು, ಆದರೂ ನನ್ನ ಬಾಯಿಂದಲೇ ಕೇಳಲು ಕಾದಿದೆ ಅನ್ನಿಸುತ್ತಿತ್ತು. ಅನ್ನಿಸುವುದು ಆಧಾರವಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ, ಪರೀಕ್ಷೆಯಲ್ಲಿ ಇದನ್ನೇ ಪುಟಗಟ್ಟಲೆ ಬರೆದು ಪಾಸಾದವಳು ನಾನು. ಅದಕ್ಕೇ ಹೊರಡುವಾಗ, ಹೋಟೆಲಿನಲ್ಲಿ ಬಿಲ್ಲು ಕೊಡದೆ ಎದ್ದು ಬರುವವಳ ಹಾಗೆ ಅತ್ತಿತ್ತ ನೋಡಿ ಕಾಲು ಹೊರಗಿಡುತ್ತಿದ್ದೆ. ನಮ್ಮ ಮನೆಯವರು ಯಾರೂ ಈ ಕಡೆ ಸುಳಿಯಲಾರರು ಎಂಬುದೊಂದೇ ಧೈರ್ಯ.

ಒಂದು ಗುರುವಾರ ಬಾಗಿಲು ತಳ್ಳಿದರೆ ಮುಂದಿನ ಸಾಲಿನಲ್ಲಿ ಅಪ್ಪ ಕೂತಿದ್ದ.

ಬೆನ್ನಿನಿಂದಲೇ ಗುರುತು ಸಿಕ್ಕಿತು. ಕೊರಳಲ್ಲಿ ಕಚೇರಿಯ ಗುರುತಿನ ಚೀಟಿಯ ಪಟ್ಟಿ, ಪಕ್ಕದ ಕುರ್ಚಿಯ ಮೇಲೆ ಟಾರ್ಚು, ಕೈಗವಸು. ಎರಡು ಕೈಗಳನ್ನೂ ಮೊಣಕಾಲ ನಡುವೆ ಜೋಡಿಸಿಕೊಂಡು, ಎದುರಿಗೆ ಕೂತ ಯಾರಿಗೋ ಹೇಳುವ ಹಾಗೆ, ಮೆಲ್ಲಗೆ ಮಾತಾಡುತ್ತಿದ್ದ.

“ನಾನು ನೋಡೋವಷ್ಟು ನೋಡಿದೆ. ಒಳಗಿಂದು ನಂಗೆ ಕಾಣಲಿಲ್ಲ. ನಿಂಗೆ ಕಂಡಿತ್ತಲ್ಲ? ಒಂದು ಸದ್ದಾದ್ರೂ ಮಾಡಿಸಬಾರದಿತ್ತಾ? ಕಿವಿ ಕೊಟ್ಕೊಂಡೇ ಇದ್ದೆ ನಾನು.” ಮತ್ತೆ ಅಂದ: “ಆ ಯಮ್ಮ ಕಾಲಲ್ಲಿ ಮಿಷನ್ ತುಳಿಯೋರು. ಕಾಲೊಂದು ನೋಡ್ಕೊ.”

ನಾನು ಬಾಗಿಲನ್ನು ಸದ್ದಾಗದಂತೆ ಬಿಟ್ಟು ಹಿಂದೆ ಸರಿದೆ. ಅಂದು ಸಂಜೆಯವರೆಗೆ ಅಂಟು ಹಚ್ಚುತ್ತ ನನಗಾದದ್ದು ಖುಷಿಯೇ. ಇಡೀ ಮನೆಯಲ್ಲಿ ನಾನೊಬ್ಬಳೇ ಅಲ್ಲ ಎಂಬ ಖುಷಿ. ಅಪ್ಪನಿಗೆ ಹೇಗೆ ಹೇಳುವುದು, ಯಾವಾಗ ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆ. ಹತ್ತು ಸಲ ಒಳಗೇ ಉರುಳಾಡಿಸಿದೆ. ಅಷ್ಟರಲ್ಲಿ ಭಾನುವಾರ ಬಂತು.

ಅಣ್ಣ ತನ್ನ ಹಿರಿಯ ವಕೀಲರ ಕಥೆ ಹೇಳುತ್ತಿದ್ದ. “ವಾದಕ್ಕೆ ಏಳೋ ಮುಂಚೆ ಕಣ್ಣು ಮುಚ್ಕೊಂಡು ಮಣಮಣ ಅಂತಾರೆ. ಅಷ್ಟು ಓದಿದೋರು. ಮೇಲೆ ಯಾರೋ ದೊಡ್ಡ ಜಡ್ಜು ಕೂತಿದ್ದಾನಂತೆ, ಅವನಿಗೆ ಮೊದಲು ಅಪೀಲು.”

“ಫೀಸು ಅವನಿಗೂ ಪಾಲು ಕೊಡ್ತಾರಾ ಕೇಳು” ಅಂದಳು ಅತ್ತೆ. ಲಾಂಡ್ರಿ ಅಂಗಡಿ ನಡೆಸುವವಳು, ಯಾರ ಕೊಳೆಯನ್ನೂ ನೋಡಿ ಬೆಚ್ಚುವವಳಲ್ಲ.

“ನಿಜವಾಗ್ಲೂ ಯೋಚನೆ ಮಾಡೋರು ಯಾರೂ ನಂಬಲ್ಲ ಬಿಡಿ” ಅಂದ ಅಣ್ಣ.

“ಯೋಚನೆ ಮಾಡೋರೂ ನಂಬ್ತಾರೆ” ಅಂದೆ ನಾನು.

ಮಾತು ಜಾರಿ ಹೋಗಿತ್ತು. ಎಲ್ಲರ ಕೈಯೂ ತಟ್ಟೆಯ ಮೇಲೆ ನಿಂತಿತು. ಅಣ್ಣ ಎದ್ದು, ಈರುಳ್ಳಿ ಬುಟ್ಟಿಯನ್ನು ಕಾಲಲ್ಲಿ ಸರಿಸಿ ಸ್ಟೂಲು ಎಳೆದ. “ದಯಮಾಡಿಸಬೇಕು. ಬಹಳ ಕಾಲ ಆಯ್ತು ತಾವು ಈ ಕಡೆ ಬಂದು.”

ಕೂತೆ.

“ಯಾರು? ಒಬ್ಬರ ಹೆಸರು ಹೇಳಿ. ಪುಸ್ತಕದೋರು ಬೇಡ, ನೀವು ಕಣ್ಣಾರೆ ನೋಡಿದೋರು.”

‘ನಾನು’ ಅಂದಿದ್ದರೆ ಆಗುತ್ತಿತ್ತು. ಎರಡೇ ಅಕ್ಷರ. ‘ಗೊತ್ತಿಲ್ಲ’ ಅಂದರೂ ಬಿಡುಗಡೆಯಿತ್ತು.

“ಅಪ್ಪ” ಅಂದೆ.

ಅತ್ತೆ ಹಗುರಾಗಿ ನಕ್ಕಳು. “ಆಧಾರ?” ಅಂದ ಅಣ್ಣ.

ಆಧಾರ ಕೊಟ್ಟೆ. ನನ್ನನ್ನು ಬಿಟ್ಟು ಅಪ್ಪನತ್ತ ತಿರುಗಿದ ಕಣ್ಣುಗಳು ಮತ್ತೆ ನನ್ನತ್ತ ತಿರುಗಬಾರದು ಎಂದು ಇನ್ನಷ್ಟು ಕೊಟ್ಟೆ. ಎಲ್ಲಿ ಕೂತಿದ್ದ, ಕೈ ಹೇಗಿತ್ತು, ಟಾರ್ಚು ಎಲ್ಲಿತ್ತು ಎಂದೆಲ್ಲ ಹೇಳಿದೆ. ಯಾವತ್ತೂ ಯಾರೂ ನನ್ನ ಮಾತನ್ನು ಹಾಗೆ ಕೇಳಿದ್ದಿಲ್ಲ. ನನ್ನ ದನಿ ನನಗೇ ಚೆನ್ನಾಗಿ ಕೇಳಿಸುತ್ತಿತ್ತು. “ಒಂದು ಸದ್ದಾದ್ರೂ ಮಾಡಿಸಬಾರದಿತ್ತಾ” ಎಂಬುದನ್ನು ಅಪ್ಪನ ದನಿಯಲ್ಲೇ ಹೇಳಿ ತೋರಿಸಿದೆ. ಅತ್ತೆಗೆ ನೀರು ನೆತ್ತಿಗೇರಿ ಕೆಮ್ಮು ಬಂತು. “ಅಯ್ಯೋ, ಈ ಗುಮ್ಮನಗುಸುಕಿಗೆ ಇಷ್ಟು ಬರುತ್ತೆ ಅಂತ ಗೊತ್ತೇ ಇರಲಿಲ್ಲ” ಎಂದು ಕಣ್ಣೊರೆಸಿಕೊಂಡಳು. ನಾನೂ ನಗುತ್ತಿದ್ದೆ.

ಅಣ್ಣ ಮಾತ್ರ ವಕೀಲ. “ಒಂದು ನಿಮಿಷ. ನೀವು ಅಲ್ಲಿಗೆ ಯಾಕೆ ಹೋಗಿದ್ರಿ?”

“ಹಳೇ ಪತ್ರಿಕೆ ಕೊಡೋಕೆ. ಲೈಬ್ರರಿಯಿಂದ. ರೋಗಿಗಳಿಗೆ” ಅಂದೆ.

ಕಟಕಟೆಯಲ್ಲಿ ಕೂತು ಯಾರೂ ಸುಳ್ಳು ಹೇಳಿದ್ದಿಲ್ಲ. ಅಪ್ಪ ಆಗ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದ. ಬಹಳ ಹೊತ್ತೇನಲ್ಲ. ಆಮೇಲೆ ಕೈ ತೊಳೆದು ಬಂದು, “ಏಳಮ್ಮ, ಅಲ್ಲಿ ನಾನು ಕೂರಬೇಕಾದ್ದು” ಎಂದು ತಾನೇ ಸ್ಟೂಲಿನ ಮೇಲೆ ಕೂತ. ಅವನ ಭಾರಕ್ಕೆ ಅದರ ಒಂದು ಕಾಲು ಕಿರ್ ಎಂದಿತು.

“ನಿಜವಾ?” ಅಂದ ಅಣ್ಣ. ಅವನ ದನಿಯಲ್ಲಿ ಆಟ ಇನ್ನೂ ಪೂರ್ತಿ ಆರಿರಲಿಲ್ಲ.

“ನಿಜ.”

“ಅಲ್ಲಿ ಯಾರೋ ಇದ್ದಾರೆ ಅನ್ನೋಕೆ ನಿಮ್ಮ ಹತ್ರ ಆಧಾರ ಇದೆಯಾ?”

“ಇಲ್ಲ.”

“ಮತ್ತೆ ಯಾರ ಹತ್ರ ಮಾತಾಡಿದ್ರಿ?”

ಅಪ್ಪ ಅಂಗೈಗಳನ್ನು ನೋಡಿಕೊಂಡ. “ಕೇಳಬಹುದಾದ ಎಲ್ಲರನ್ನೂ ಕೇಳಿಯಾಗಿತ್ತು. ಕಂಪನಿಯವರು, ಮೆಕ್ಯಾನಿಕ್ಕು, ನಮ್ಮ ಮೇಲಿನೋರು. ನಿಮ್ಮದೇನೂ ತಪ್ಪಿಲ್ಲ ಅಂತಲೇ ಎಲ್ಲರೂ ಹೇಳೋದು. ಪ್ರಶ್ನೆ ಅಲ್ಲಿಗೆ ನಿಲ್ಲಲಿಲ್ಲ. ಲಿಫ್ಟಲ್ಲಿ ಸಿಕ್ಕಾಕ್ಕೊಂಡೋನು ಏನ್ ಮಾಡ್ತಾನೆ? ಗಂಟೆ ಗುಂಡಿ ಒತ್ತುತ್ತಾನೆ. ಕೆಳಗೆ ವಾಚ್‌ಮನ್ ಇದ್ದಾನಾ, ಕಾಫಿಗೆ ಹೋಗಿದ್ದಾನಾ, ಅವನಿಗೆ ಗೊತ್ತಿರಲ್ಲ. ಗೊತ್ತಿಲ್ಲ ಅಂತ ಒತ್ತದೇ ಇರೋನು ಬುದ್ಧಿವಂತನಾ?”

“ಆದ್ರೆ ಗುಂಡಿ ಇದೆ ಅಂತ ಗೊತ್ತು. ಯಾರೋ ಹಾಕಿರ್ತಾರೆ.”

“ಅದೇ. ಒಳಗಿರೋನು ಹಾಕಿದೋನನ್ನ ನೋಡಿರಲ್ಲ. ಗುಂಡಿ ಇದೆಯಲ್ಲ, ಅಂದ್ರೆ ಹೀಗೆ ಒಬ್ಬ ಸಿಕ್ಕಾಕ್ಕೋಬಹುದು ಅಂತ ಮೊದಲೇ ಯಾರೋ ಯೋಚನೆ ಮಾಡಿದ್ದಾರೆ ಅಂದ್ಕೋತಾನೆ. ನಂಗೂ, ಕೇಳಬೇಕು ಅನ್ನೋದು ಒಳಗಿಂದ ಬಂತಲ್ಲ, ಅದು ಎಲ್ಲಿಂದ ಬಂತು, ಯಾರು ಯಾಕೆ ಇಟ್ಟರು ಅಂತ ಅನ್ನಿಸ್ತು.”

“ಎಷ್ಟೋ ಹಳೇ ಲಿಫ್ಟಲ್ಲಿ ಗುಂಡಿ ಇರುತ್ತೆ, ವೈರೇ ಇರಲ್ಲ. ನೀವೇ ಹೇಳಿದ್ದೀರಿ.”

“ಹೌದು” ಅಂದ ಅಪ್ಪ. “ತುಂಬ ಕಡೆ ನೋಡಿದ್ದೀನಿ.”

“ಸರಿ, ಆ ಟೈಲರಮ್ಮ ನಾಳೆ ಎದ್ದು ಓಡಾಡಿದ್ರೆ ಅದನ್ನ ಆಧಾರ ಅಂತೀರಾ?”

“ಇಲ್ಲ. ಓಡಾಡದೇ ಹೋದ್ರೂ ವಿರುದ್ಧ ಅನ್ನಲ್ಲ.”

“ಅಂದ್ರೆ ಯಾವ ಪರೀಕ್ಷೆಗೂ ಸಿಗದಿರೋದು. ಇಂಥ ಲಿಫ್ಟನ್ನ ನೀವು ಪಾಸ್ ಮಾಡ್ತಿದ್ರಾ?”

“ಪಾಸ್ ಮಾಡಿ ಅಂತ ನಾನೆಲ್ಲಿ ಕೇಳಿದೆ?” ಅಂದ ಅಪ್ಪ. ದನಿಯಲ್ಲಿ ಕೋಪವಿರಲಿಲ್ಲ. ಎದ್ದು, ಸ್ಟೂಲನ್ನು ಸಂದಿಗೆ ಸೇರಿಸಿ, ಬುಟ್ಟಿಯನ್ನು ಅದರ ಮೇಲಿಟ್ಟು, ಉರುಳಿಹೋಗಿದ್ದ ಒಂದು ಈರುಳ್ಳಿಯನ್ನು ಬಗ್ಗಿ ಹೆಕ್ಕಿ ಹಾಕಿ ಒಳಗೆ ಹೋದ. ಅತ್ತೆ, “ಏನೋ, ಮೊಸರು ಹಾಕ್ಕೊಳ್ಳಲಿಲ್ಲವಲ್ಲೋ” ಎಂದು ಕೂಗಿದಳು.

ಆ ವಾರ ಯಾರೂ ನನ್ನನ್ನು ಏನೂ ಅನ್ನಲಿಲ್ಲ. ಅನ್ನಲು ಏನಿತ್ತು? ನೋಡಿದ್ದನ್ನು ಹೇಳಿದ್ದೆ, ಆಧಾರ ಸಮೇತ. ಮನೆಯ ನಿಯಮದ ಪ್ರಕಾರ ನಾನು ಮಾಡಿದ್ದು ಸರಿ. ಆ ಒಂದು ಸುಳ್ಳು ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಎಂದಿನಂತೆ ಬೆಳಿಗ್ಗೆ ನನ್ನ ಡಬ್ಬಿಯ ಮುಚ್ಚಳ ಭದ್ರವಾಗಿದೆಯೇ ಎಂದು ಒತ್ತಿ ನೋಡಿ ಚೀಲಕ್ಕೆ ಹಾಕಿದ. ಅಷ್ಟಕ್ಕೇ ನನಗೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುವ ಹಾಗಾಯಿತು. ಬಸ್ಸಿನಲ್ಲಿ, ಅಂಟಿನ ಡಬ್ಬದ ಮುಂದೆ, ತಲೆ ಬಾಚುವಾಗ, ನಾನು ಅಪ್ಪನ ದನಿ ಮಾಡಿದ್ದು ನೆನಪಾದಾಗಲೆಲ್ಲ ಮೈ ಹಿಡಿಯಷ್ಟಾಗುತ್ತಿತ್ತು. ದಿನಚರಿ ತೆರೆದರೆ ಬರೆಯಲು ಕೈ ಬರಲಿಲ್ಲ. ಅಲ್ಲಿ ನಾನು ಒಳ್ಳೆಯವಳಾಗಿಬಿಡುತ್ತೇನೆಂಬ ಭಯ.

ಮೌನ ಕೊಠಡಿಗೆ ಮಧ್ಯಾಹ್ನ ಹೋಗಿ ಗಾಜಿನಲ್ಲಿ ಇಣುಕಿದೆ. ಅಪ್ಪ ಇರಲಿಲ್ಲ. ಮರುದಿನವೂ ಇರಲಿಲ್ಲ. ಆ ಟೈಲರಮ್ಮ ಈ ಆಸ್ಪತ್ರೆಯಲ್ಲೇ ಇರಬಹುದೆಂದು ಊಹಿಸಿ, ಮೂಳೆ ವಾರ್ಡಿನ ನರ್ಸನ್ನು ಧೈರ್ಯ ಮಾಡಿ ಅಪ್ಪನ ಬಗ್ಗೆ ಕೇಳಿದೆ. “ಲಿಫ್ಟಿನೋರಾ? ದಿನಾ ಬಂದು ಟೈಲರಮ್ಮನ್ನ ಮಾತಾಡಿಸ್ಕೊಂಡು ಹೋಗ್ತಾರಲ್ಲ. ಇವತ್ತೂ ಬಂದಿದ್ರು” ಅಂದಳು. ಅಂದರೆ ಆಸ್ಪತ್ರೆಗೆ ಬರುತ್ತಿದ್ದ, ಆ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದ. ಒಳಗೆ ಮಾತ್ರ ಬರುತ್ತಿರಲಿಲ್ಲ. ಅವನಿಗಿದ್ದ ಆ ಒಂದು ಕುರ್ಚಿಯನ್ನು ನಾನು ಕಿತ್ತುಕೊಂಡಿದ್ದೆ.

ನಾನೂ ಒಳಗೆ ಹೋಗಲಿಲ್ಲ. ಹೋಗಿ ಏನು ಹೇಳಲಿ? ಅಲ್ಲಿರುವವನು ಇಲ್ಲವೆಂದಾದರೆ ನನ್ನ ತಪ್ಪನ್ನು ಕೇಳುವವರೇ ಇಲ್ಲ. ಇದ್ದಾನೆಂದಾದರೆ ಅವನು ನಮ್ಮ ಊಟದ ಕೋಣೆಯಲ್ಲೂ ಇದ್ದಿರಬೇಕು. ಎರಡನೆಯದೇ ಹೆಚ್ಚು ನಿಜ ಅನ್ನಿಸಿತು. ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಾಗಲೇ ಅಪ್ಪನ ಸ್ಥಿತಿ ನನಗೆ ಅರ್ಥವಾದದ್ದು. ಎಲ್ಲರೂ ತಪ್ಪಿಲ್ಲ ಎಂದಾಗಲೂ ಉಳಿದುಬಿಡುವ ನಾಚಿಕೆಯನ್ನು ಎಲ್ಲಿಗೆ ಒಯ್ಯಬೇಕು? ಅವನು ಅದನ್ನು ಇಲ್ಲಿಗೆ ತಂದಿದ್ದ. ನಾನು ಅದನ್ನೆತ್ತಿ ಊಟದ ಮೇಜಿನ ಮೇಲಿಟ್ಟು ನಗಿಸಿದ್ದೆ.

ಭಾನುವಾರ ಅಮ್ಮ ಬಡಿಸುವ ಮುಂಚೆಯೇ ನಾನು ಬುಟ್ಟಿ ಇಳಿಸಿ, ಸ್ಟೂಲು ಎಳೆದು, ಅದರ ಮೇಲೆ ಕೂತೆ.

“ಏನೇ ಇದು, ಯಾರೂ ಕರೀದೇ ಬಂದು ಕೂತ್ಲು” ಅಂದಳು ಅತ್ತೆ.

“ಹೋದ ವಾರ ನೀನು ಒಂದು ಹೆಸರು ಕೇಳಿದ್ದೆ ಅಣ್ಣ. ಆ ಹೆಸರು ನಂದು” ಅಂದೆ. “ನಾನು ಆ ರೂಮಿಗೆ ಒಂದು ವರ್ಷದಿಂದ ಹೋಗ್ತಿದ್ದೀನಿ. ಪತ್ರಿಕೆ ಕೊಡೋಕಲ್ಲ. ಸುಳ್ಳು ಹೇಳಿದೆ. ಅಪ್ಪನ ವಿಷಯ ಹೇಳಬಾರದಿತ್ತು.”

ಅಣ್ಣ ಅಭ್ಯಾಸಬಲದಿಂದ ಕೇಳಿದ: “ಅಪ್ಪನ ವಿಷಯ ನೀವು ಹೇಳಿದ್ದು ನಿಜ ತಾನೇ? ನಿಜ ಹೇಳಿದ್ರಲ್ಲಿ ತಪ್ಪೇನು? ತಪ್ಪು ಅನ್ನೋಕೆ ಆಧಾರ ಏನು?”

“ಆಧಾರ ಇಲ್ಲ. ನಾಚಿಕೆ ಇದೆ.”

ಅಮ್ಮ ಸೌಟು ಹಿಡಿದುಕೊಂಡೇ ಅಪ್ಪನ ಖಾಲಿ ತಟ್ಟೆಯನ್ನೂ ಅಪ್ಪನನ್ನೂ ನೋಡಿದಳು. “ಗ್ಯಾಸ್ಟ್ರಿಕ್ ಅಲ್ವೇನ್ರೀ ಅದು?” ಅಂದಳು, ಬಹಳ ಮೆಲ್ಲಗೆ. ಅಪ್ಪ ಅಲ್ಲವೆಂದು ತಲೆಯಾಡಿಸಿದ.

“ಸರಿ” ಅಂದ ಅಣ್ಣ, ಈಗ ದನಿ ತಗ್ಗಿಸಿ. “ಆದ್ರೂ, ನೀವು ಒಂದು ವರ್ಷದಿಂದ ಹೋಗ್ತಿರೋದಕ್ಕೆ ಸಾಕ್ಷಿ ಯಾರು? ಅಪ್ಪನ್ನ ಸಮಾಧಾನ ಮಾಡೋಕೆ ಈಗ ಹೇಳ್ತಿರಬಹುದಲ್ಲ?”

“ನಾನು ಸಾಕ್ಷಿ” ಅಂದ ಅಪ್ಪ.

ನಾನು ತಲೆಯೆತ್ತಿದೆ.

“ಒಂದು ವರ್ಷ ಗೊತ್ತಿಲ್ಲ. ಟೈಲರಮ್ಮನ್ನ ಸೇರಿಸಿದಾಗಿಂದ ನಾನು ನೋಡಿದ್ದೀನಿ. ವಾರ್ಡಿಗೆ ಹೋಗೋ ದಾರಿ ಅದು. ಬಾಗಿಲ ಗಾಜಲ್ಲಿ ಕಂಡ್ಲು. ಡಬ್ಬಿ ತೊಡೆ ಮೇಲಿಟ್ಕೊಂಡು ಕಣ್ಣು ಮುಚ್ಕೊಂಡು ಕೂತಿದ್ಲು, ತುಟಿ ಆಡ್ತಿತ್ತು. ಅವಳಿಗೆ ಗೊತ್ತಾಗಬಾರದು ಅಂತ ಆಮೇಲಿಂದ ಆ ಹೊತ್ತಲ್ಲಿ ಹಿಂದಿನ ಮೆಟ್ಟಿಲಲ್ಲೇ ಹೋಗ್ತಿದ್ದೆ.” ಅಪ್ಪ ನೀರಿನ ಲೋಟವನ್ನು ಸ್ವಲ್ಪ ಸರಿಸಿದ. “ಇವಳು ಟ್ಯಾಂಕಿನ ವಿಷಯ ಆದ್ಮೇಲೆ ಆಧಾರ ಇಲ್ಲದೆ ಒಂದು ಮಾತೂ ಆಡಿದೋಳಲ್ಲ. ಇಂಥೋಳೇ ಅಲ್ಲಿ ಹೋಗಿ ಕೂತಿದ್ದಾಳೆ ಅಂದ್ರೆ ನಂಗೆ ಕಾಣದ್ದು ಏನೋ ಇವಳಿಗೆ ಕಂಡಿರಬೇಕು ಅಂತ, ಇವಳು ಬರದೇ ಇರೋ ಹೊತ್ತು ನೋಡಿ ನಾನೂ ಒಳಗೆ ಹೋಗೋಕೆ ಶುರು ಮಾಡಿದೆ. ಆ ಗುರುವಾರ ಹೊತ್ತಾಗಿದ್ದು ಗೊತ್ತಾಗಲಿಲ್ಲ.”

ಯಾರೂ ನಗಲಿಲ್ಲ. ಹೋದ ವಾರ, ನಾನು ಪತ್ರಿಕೆಯ ಕಥೆ ಹೇಳುವಾಗ, ಅಪ್ಪ ತಲೆಯೆತ್ತಿ ನೋಡಿದ್ದು ನೆನಪಾಯಿತು. ಒಂದು ಮಾತು ಸಾಕಿತ್ತು ಅವನಿಗೆ. ಆ ಮಾತನ್ನು ನುಂಗಿಕೊಂಡು, ನನ್ನನ್ನು ಎಬ್ಬಿಸಿ, ತಾನು ಕೂತಿದ್ದ.

“ಅದು ಆಧಾರ ಅಲ್ಲ ಅಪ್ಪ” ಅಂದ ಅಣ್ಣ, ಬೇಕೋ ಬೇಡವೋ ಎಂಬಂತೆ.

“ಪೂರ್ತಿ ಅಲ್ಲ. ಗೊತ್ತು.” ಅಪ್ಪ ನನ್ನ ಕಡೆ ತಿರುಗಿದ. ಕಟಕಟೆಯ ‘ನೀವು’ ಬಿಟ್ಟು ಕೇಳಿದ: “ನಿಂಗೆ ಏನು ಕಂಡಿತ್ತಮ್ಮ ಅಲ್ಲಿ?”

ಏನಾದರೂ ಹೇಳಬೇಕೆಂದು ಎಷ್ಟು ಬಯಸಿದೆ. ಅಪ್ಪ ನನ್ನ ಮೇಲೆ ಭಾರ ಬಿಟ್ಟು ಒಳಗೆ ಹೋಗಿದ್ದ, ಪಿನ್ನಿನೊಳಗನ್ನು ತೋರಿಸುವಂಥ ಏನೋ ನನ್ನಲ್ಲಿದೆ ಎಂದುಕೊಂಡು. ಒಳ್ಳೆಯ ಉತ್ತರಗಳು ನನಗೆ ಗೊತ್ತಿದ್ದವು, ಪರೀಕ್ಷೆಗೆ ಬರೆದಂಥವು. ಅವುಗಳಲ್ಲಿ ಒಂದನ್ನೂ ಹೇಳುವ ಮುಖ ನನಗಿರಲಿಲ್ಲ.

“ಗೊತ್ತಿಲ್ಲ ಅಪ್ಪ” ಅಂದೆ.

ಗೊತ್ತಿಲ್ಲ ಅಂದವರಿಗೆ ಬಿಡುಗಡೆ. ಆದರೂ ನನಗೆ ಏಳಲಾಗಲಿಲ್ಲ. ಅಮ್ಮ ಬಡಿಸಿದ ತಟ್ಟೆಯನ್ನು ಅಪ್ಪ ತಂದು ನನ್ನ ತೊಡೆಯ ಮೇಲಿಟ್ಟ. ತನ್ನ ಕುರ್ಚಿಯನ್ನು ಸ್ಟೂಲಿನ ಪಕ್ಕಕ್ಕೆ ಎಳೆದುಕೊಂಡು, ತನ್ನ ತಟ್ಟೆಯನ್ನೂ ಹಾಗೇ ತೊಡೆಯ ಮೇಲಿಟ್ಟುಕೊಂಡು ಕೂತ. “ತಿನ್ನು, ಆರುತ್ತೆ” ಅಂದ. ಅತ್ತೆ ಬಂದು ಇಬ್ಬರ ತಟ್ಟೆಗೂ ಮೊಸರು ಹಾಕಿದಳು. ಅಪ್ಪನ ಕೈ ತಟ್ಟೆಗೂ ಬಾಯಿಗೂ ಓಡಾಡುವುದನ್ನು ಓರೆಗಣ್ಣಲ್ಲಿ ನೋಡುತ್ತ, ತಲೆಯೆತ್ತಲಾರದೆ, ನಾನೂ ತಿಂದೆ.